ಹೊಗೆ ಹಿಂದಿನಿಂದ ಬರುತ್ತದೆ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮರಾಠಿ ನೆರೆಯವರೊಬ್ಬರು ಒಂದು ಸಂಜೆ, 'ನೀವು ಮೈಸೂರಿನವರಲ್ಲವೇ, ನೀಲಗಿರಿಯ ಉಗಿಬಂಡಿಯನ್ನು ಎಲ್ಲಿ ನಿಂತು ನೋಡಿದರೆ ಚೆನ್ನ?' ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಚಿಕ್ಕಂದಿನಲ್ಲಿ ಊಟಿಗೆ ಹೋಗದ ಬೇಸಿಗೆಯೇ ಇರಲಿಲ್ಲ, ನಿಜ. ಆದರೆ ಹೋದದ್ದೆಲ್ಲ ಗುಂಡ್ಲುಪೇಟೆ, ಬಂಡೀಪುರದ ಹಾದಿಯ ಬಸ್ಸಿನಲ್ಲಿ. ಉಗಿಯ ಎಂಜಿನ್ ದುಡಿಯುವುದು ಬೆಟ್ಟದ ಆಚೆ ಮಗ್ಗುಲಲ್ಲಿ, ಮೆಟ್ಟುಪಾಳ್ಯದಿಂದ ಕೂನೂರಿನವರೆಗೆ. ಅಲ್ಲಿಂದ ಮೇಲಕ್ಕೆ ಡೀಸೆಲ್. ಊಟಿ ನಿಲ್ದಾಣದಲ್ಲಿ ಫೋಟೊ ತೆಗೆಸಿಕೊಂಡು 'ರೈಲು ನೋಡಿದೆವು' ಎಂದು ಮರಳಿದವರು ನಾವು. ನೆರೆಯವರು ನಕ್ಕದ್ದು ಮೆಲ್ಲಗೇ, ಆದರೂ ಚುಚ್ಚಿತು.

ಇಲ್ಲಿಯವರಿಗೆ ಘಟ್ಟ ಸುತ್ತುವುದು ಭಾನುವಾರದ ವ್ರತವಿದ್ದಂತೆ. ನೀಲಗಿರಿಗೆ ಹೊರಡುವ ಮೊದಲು ಅಭ್ಯಾಸವಾಗಲೆಂದು ಅವರು ನನ್ನನ್ನು ನೇರಳದಿಂದ ಮಾಥೇರಾನ್ ಗಿರಿಧಾಮಕ್ಕೆ ಹತ್ತುವ ಎರಡಡಿ ಅಗಲದ ಹಳಿಯ ಬಳಿಗೆ ಕರೆದೊಯ್ದರು. 1907ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಈಗ ಉಗಿಯಿಲ್ಲ. ಆದರೂ ಜುಮ್ಮಾಪಟ್ಟಿ ನಿಲ್ದಾಣದ ಹತ್ತಿರ ನಿಂತು ಅವರು ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಏರು ಎಲ್ಲಿ ಕಡಿದಾಗುತ್ತದೆ, ಬಂಡಿ ತಿರುವಿನಿಂದ ಹೊರಬರುವಾಗ ಮುಖ ಕಾಣುತ್ತದೆಯೋ ಬೆನ್ನೋ ಎಂಬುದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಬಿಸಿಲು ನಮ್ಮ ಬೆನ್ನಿಗಿರಬೇಕು, ಎಂಜಿನ್ ಏರು ಹತ್ತುತ್ತಿರಬೇಕು, ಮುಂಜಾನೆಯ ಚಳಿಯಿರಬೇಕು. ಇಳಿಜಾರಿನಲ್ಲಿ ಅದು ದುಡಿಯುವುದಿಲ್ಲ, ಬಿಸಿ ಗಾಳಿಯಲ್ಲಿ ಉಗಿ ಕಣ್ಣಿಗೆ ಬೀಳುವ ಮೊದಲೇ ಕರಗಿಹೋಗುತ್ತದೆ.

ನೀಲಗಿರಿಯಲ್ಲಿ ಈ ಲೆಕ್ಕದ ಒಂದು ಭಾಗ ತಲೆಕೆಳಗಾಗುತ್ತದೆ. ಬೆಟ್ಟದ ಬುಡದ ಕಲ್ಲಾರಿನಿಂದ ಮೇಲೆ ಏರು ಹನ್ನೆರಡಡಿಗೆ ಒಂದಡಿಯಷ್ಟು ಕಡಿದಾಗುವುದರಿಂದ ಹಳಿಗಳ ನಡುವೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಹತ್ತಲು ಹಲ್ಲಿನ ಪಟ್ಟಿಯಿದೆ, ಮತ್ತು ಡಬ್ಬಿ ಕಳಚಿಕೊಂಡು ಹಿಂದಕ್ಕೆ ಜಾರದಿರಲೆಂದು ಎಂಜಿನ್ ಕೆಳತುದಿಯಲ್ಲಿ ನಿಂತು ತಳ್ಳುತ್ತದೆ. ಮೊದಲು ಕಾಣುವುದು ಮುಂದಿನ ಡಬ್ಬಿಯ ಜಗುಲಿಯಲ್ಲಿ ಬಾವುಟ ಹಿಡಿದು ನಿಂತ ಬ್ರೇಕಿನವನು. ಹೊಗೆ ಬರುವುದು ಕೊನೆಯಲ್ಲಿ. ಆದ್ದರಿಂದ ಬಂಡಿ ನಮ್ಮ ಕಡೆಗೆ ಬರುವ ನೇರ ದಾರಿಗಿಂತ, ಅದರ ಬಾಲವೂ ಒಟ್ಟಿಗೆ ಕಾಣುವಂಥ ಬಾಗು ಬೇಕು. 1899ರಿಂದ ಕೂನೂರಿಗೆ ಬರುತ್ತಿರುವ, ಮೈಸೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಈ ಬಂಡಿಯ ಗುಟ್ಟನ್ನು ನಾನು ಡೊಂಬಿವಲಿಯಲ್ಲಿ, ಅದೂ ಮರಾಠಿಯಲ್ಲಿ ಕಲಿಯಬೇಕಾಯಿತು.

ನಮ್ಮವರ ರೀತಿಯೇ ಬೇರೆ. ಮೈಸೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದಾಗ, 'ಎಲ್ಲಾದ್ರೂ ಒಂದ್ಕಡೆ ನಿಂತ್ಕೊಂಡ್ರಾಯ್ತು ಬಿಡೋ, ರೈಲೇನು ಓಡ್ಹೋಗತ್ತಾ?' ಎಂದ. ಓಡಿಹೋಗುವುದೇ ಅದರ ಕೆಲಸವೆಂದು ಹೇಳಲು ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ನಮ್ಮ ಮನೆಯಲ್ಲಿ ಜಾಗದ ಆಯ್ಕೆಯೆಂದರೆ ಮರದ ನೆರಳು ಎಲ್ಲಿದೆ, ಪುಳಿಯೋಗರೆಯ ಡಬ್ಬಿ ಎಲ್ಲಿ ಬಿಚ್ಚಬಹುದು, ಅಮ್ಮನಿಗೆ ಕೂರಲು ಕಟ್ಟೆಯಿದೆಯೇ ಎನ್ನುವಷ್ಟೇ. ಕೈಗೆಟಕುವಷ್ಟು ಹತ್ತಿರವಿದ್ದುದರ ಮೇಲೆ ನಮಗಿರುವ ಈ ಉಡಾಫೆ ನನಗೆ ದೂರ ಬಂದ ಮೇಲೆ ಹೆಚ್ಚು ಕಾಣುತ್ತದೆ, ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ಕೊನೆಗೆ ಹೋದೆವು. ಹಳಿಯ ಮೇಲಕ್ಕೆ ಕಾಲಿಡದೆ, ಕೂನೂರಿನ ಕೆಳಗೆ ರಸ್ತೆಯಂಚಿನಲ್ಲಿ ಒಂದು ಬಾಗನ್ನು ಆರಿಸಿಕೊಂಡು ಎರಡು ಗಂಟೆ ನಿಂತೆವು. ಬಿಸಿಲು ಬೆನ್ನಿಗಿತ್ತು, ಏರು ಕಡಿದಾಗಿತ್ತು. ಎಂಜಿನ್ನಿನ ಏದುಸಿರು ಕಣಿವೆಯಿಂದ ಕೇಳಿಸತೊಡಗಿದಾಗ ಮಂಜೂ ಅದರ ಜೊತೆಯಲ್ಲೇ ಮೇಲೇರಿ ಬಂತು. ನಾಲ್ಕು ಡಬ್ಬಿ ನೀಲಿಯಾಗಿ ಹಾದುಹೋದವು, ಹೊಗೆ ಯಾವುದು ಮಂಜು ಯಾವುದು ಎಂದು ತಿಳಿಯಲಿಲ್ಲ.

ಅಣ್ಣನ ಸಂಸಾರ ತಡವಾಗಿ ಹೊರಟು, ನಮ್ಮವರೆಗೆ ಬರಲಾಗದೆ, ಕೂನೂರು ನಿಲ್ದಾಣದ ಬಳಿಯ ಗೇಟಿನಲ್ಲೇ ನಿಂತುಬಿಟ್ಟಿತ್ತು. ಅಲ್ಲಿ ಬಂಡಿ ನಿಧಾನವಾಗಿ ಬಂದು, ಎಂಜಿನ್ ಅವರ ಮುಂದೆಯೇ ಉಗಿ ಬಿಟ್ಟು, ಅಮ್ಮನ ಕನ್ನಡಕವೆಲ್ಲ ಮಬ್ಬಾಯಿತಂತೆ. ನೆರೆಯವರು ಅಣ್ಣನ ಮೊಬೈಲಿನಲ್ಲಿ ಅದನ್ನು ಮೂರು ಸಲ ನೋಡಿದರು. ಆಮೇಲೆ ಪುಟ್ಟ ಪುಸ್ತಕ ತೆಗೆದು, ಆ ಗೇಟಿನ ಹತ್ತಿರ ಕಟ್ಟೆ ಯಾವ ಕಡೆಗಿದೆಯೆಂದು ಅಮ್ಮನನ್ನು ಕೇಳಿ ಬರೆದುಕೊಂಡರು.