ಒಂದೂವರೆ ಮಿಲಿಮೀಟರಿನ ಜಗಳ

ಎಲೆಕ್ಟ್ರಿಕ್ ಬೇಸ್ ಗಿಟಾರಿನ ಬಾಡಿ ಮರ, ಕುತ್ತಿಗೆ ಮರ, ಬೆರಳು ಓಡುವ ಪಟ್ಟಿಯೂ ಸಾಮಾನ್ಯವಾಗಿ ಮರ. ಕೈಗೆ ದಿನಾ ತಾಗುವ ನಾಬು, ತಂತಿಯ ಅದುರನ್ನು ಕರೆಂಟಾಗಿಸುವ ಪಿಕಪ್ಪಿನ ಮುಚ್ಚಳ, ಹೆಬ್ಬೆರಳು ಊರುವ ದಿಂಡು ಮಾತ್ರ ಹೆಚ್ಚಾಗಿ ಪ್ಲಾಸ್ಟಿಕ್ಕು. ಮನೆಯಲ್ಲೊಂದು ಗರಗಸ, ಅಟ್ಟದ ಮೇಲೊಂದು ಬೀಟೆ ತುಂಡು ಇದ್ದವರಿಗೆ ಇದನ್ನು ನೋಡಿ ಕೈ ತುರಿಸುವುದು ಸಹಜ. ಮರದ ಕೆಲಸವೇನೋ ಸಲೀಸು. ಕಾಟ ಕೊಡುವುದು ಅದರ ಸುತ್ತಲಿನ ಲೋಹ. ತೆಳು ತಗಡು, ತೆಳು ಪ್ಲಾಸ್ಟಿಕ್ಕಿಗೆ ಒಗ್ಗಿಹೋದ ಸ್ಕ್ರೂ, ನಟ್ಟುಗಳು ಮರದ ದಪ್ಪವನ್ನು ಕಂಡ ಕೂಡಲೇ ಅಸಹಕಾರ ಚಳವಳಿ ಹೂಡುತ್ತವೆ.

ಹೆಬ್ಬೆರಳ ದಿಂಡಿನಿಂದ ಶುರು ಮಾಡುವುದು ಕ್ಷೇಮ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದಾಗ ಈ ದಿಂಡು ತೆಳು ತಂತಿಯ ಕೆಳಗಡೆ ಇತ್ತು. ಜನ ಹೆಬ್ಬೆರಳಿನಿಂದ ಮೀಟುತ್ತಾರೆ, ಉಳಿದ ಬೆರಳುಗಳನ್ನು ಅಲ್ಲಿ ಸಿಕ್ಕಿಸಿಕೊಳ್ಳುತ್ತಾರೆ ಎಂಬ ಲೆಕ್ಕ. ಜನ ಮಾಡಿದ್ದು ಉಲ್ಟಾ. ಕಂಪನಿ ಸೋಲೊಪ್ಪಿ ಅದನ್ನು ದಪ್ಪ ತಂತಿಯ ಕಡೆಗೆ ಸಾಗಿಸಿದ್ದು 1974ರಲ್ಲಿ. ಅಂದಹಾಗೆ, ಮೊದಮೊದಲ ದಿಂಡುಗಳು ಕಪ್ಪು ಬಣ್ಣ ಬಳಿದ ಮರದವೇ. ಆದ್ದರಿಂದ ಮರದ ದಿಂಡು ಮಾಡಿ ಕ್ರಾಂತಿ ಮಾಡಿದೆವೆಂದು ಬೀಗುವಂತಿಲ್ಲ.

65 ಮಿಲಿಮೀಟರ್ ಉದ್ದ, 12 ಅಗಲ ಸಾಕು. ಎತ್ತರ ಪಿಕಪ್ಪಿನ ನೆತ್ತಿಗೆ ಸಮ ಇರಲಿ, ಹೆಚ್ಚಾದರೆ ದಪ್ಪ ತಂತಿ ಮೀಟುವ ಬೆರಳು ಹೋಗಿ ಅದಕ್ಕೇ ಗುದ್ದುತ್ತದೆ. ಕೂರಿಸಲು ಎರಡು ಸ್ಕ್ರೂ. ಹಿತ್ತಾಳೆಯದು ಚೆಂದ ಕಾಣುತ್ತದೆ, ಗಟ್ಟಿ ಮರದಲ್ಲಿ ಅಷ್ಟೇ ಚೆಂದವಾಗಿ ಅರ್ಧಕ್ಕೆ ಮುರಿಯುತ್ತದೆ. ತಲೆ ಕೈಗೆ ಬರುತ್ತದೆ, ಮುಂಡ ಗಿಟಾರಿನಲ್ಲಿ ಉಳಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ, ದಾರಿ ಮಾಡಿಸಿ, ಬಿಚ್ಚಬೇಕು; ಆಮೇಲೆ ಹಿತ್ತಾಳೆ ಸ್ಕ್ರೂಗೆ ಸೋಪು ಸವರಿ ತಿರುಗಿಸಬೇಕು. ತೂತೇ ಬೇಡ, ಎರಡೂ ಕಡೆ ಅಂಟುವ ಟೇಪ್ ಸಾಕು ಅನ್ನುವವರು ಬೀಟೆಯಲ್ಲಿ ಎಣ್ಣೆಯಂಶ ಇದೆ ಎಂಬುದನ್ನು ಮರೆಯಬಾರದು. ಅಂಟುವ ಮುಖವನ್ನು ಅಸಿಟೋನಿನಿಂದ ಒರೆಸದಿದ್ದರೆ ದಿಂಡು ಸಂಗೀತ ಕಚೇರಿಯ ನಡುವೆ ಕಳಚಿಕೊಳ್ಳುತ್ತದೆ. ಅದೇ ಬಟ್ಟೆಯಲ್ಲಿ ಗಿಟಾರಿನ ಮೈಯನ್ನೂ ಒರೆಸಿದಿರೋ, ಮೆರುಗೆಣ್ಣೆ ಕರಗಿ ಬಟ್ಟೆಗೆ ಬಂತು ಅಂತಲೇ ಲೆಕ್ಕ.

ನಾಬಿಗೆ ಬರೋಣ. ವಾಲ್ಯೂಮ್, ಟೋನ್ ತಿರುಗಿಸುವ ಪಾಟಿನ (ನಾಬಿನಡಿ ಕೂರುವ ಪೊಟೆನ್ಶಿಯೋಮೀಟರಿನ) ಕಡ್ಡಿಯಲ್ಲಿ ಎರಡು ಜಾತಿ: ಉರುಟಾದ ಗಟ್ಟಿ ಕಡ್ಡಿ, ನಡುವೆ ಸೀಳಿ ಮೈಮೇಲೆ ಹಲ್ಲು ಕೊರೆದ ಕಡ್ಡಿ. ಅಮೆರಿಕದ ಗಟ್ಟಿ ಕಡ್ಡಿ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಏಷ್ಯಾದಲ್ಲಿ ತಯಾರಾದದ್ದು ಬಹುಪಾಲು 6. ಹಲ್ಲು ಅಲ್ಲಿಯದಕ್ಕೆ 24, ಇಲ್ಲಿಯದಕ್ಕೆ 18. ಇಷ್ಟನ್ನೂ ವರ್ನಿಯರಿನಲ್ಲಿ ಅಳೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಅಣ್ಣಾ, ಆರೂವರೆ ಎಂಎಂ ಬಿಟ್ ಕೊಡಿ" ಅಂದರೆ ಬರುವ ಉತ್ತರ, "ಆರೂವರೆ ಇಲ್ಲ, ಆರು ತಗೊಳ್ಳಿ ಸಾರ್. ಅರ್ಧ ಎಂಎಂ ತಾನೆ!" ಆ ಅರ್ಧ ಎಂಎಂ ನಾಬನ್ನು ಒತ್ತಿ ಕೂರಿಸುವಾಗ "ಟಪ್" ಎಂಬ ಸದ್ದಾಗಿ ಹೊರಬರುತ್ತದೆ, ಎರಡು ಹೋಳಾಗಿ.

ಹಲ್ಲಿನ ಕಡ್ಡಿಗೆ ಬರಿ ಮರವನ್ನು ಒತ್ತಲೇಬಾರದು. ಮರ ಎಳೆಯುದ್ದಕ್ಕೆ ಸೀಳುವುದನ್ನು ಕಾಯುತ್ತಲೇ ಇರುತ್ತದೆ, ಕಡ್ಡಿ ಬೆಣೆಯ ಕೆಲಸ ಮಾಡಿಕೊಡುತ್ತದೆ. ಒಳಗೊಂದು ಹಿತ್ತಾಳೆ ಕೊಳವೆ ಅಂಟಿಸಿ, ಪಕ್ಕದಿಂದ 3 ಮಿಲಿಮೀಟರಿನ ಬಿಗಿ ಸ್ಕ್ರೂ ಕೊಡುವುದು ಸರಿಯಾದ ದಾರಿ. ಇನ್ನೊಂದು ಮಾತು: ಮೊದಲು ತೂತು, ಆಮೇಲೆ ಲೇತ್. ಚೆಂದಕ್ಕೆ ಉರುಟು ಮಾಡಿಕೊಂಡು ಕೊನೆಗೆ ತೂತು ಕೊರೆದರೆ ಬಿಟ್ ಎಳೆಗಳ ನಡುವೆ ಮೆತ್ತಗಿನ ದಾರಿ ಹುಡುಕಿಕೊಂಡು ಅಡ್ಡ ಹೋಗುತ್ತದೆ, ವಾಲ್ಯೂಮ್ ತಿರುಗಿಸಿದಾಗ ನಾಬು ಕುಡಿದು ಬಂದವನಂತೆ ಓಲಾಡುತ್ತದೆ. ತೂತನ್ನೇ ನಡುವಾಗಿಟ್ಟು ಕಡೆದರೆ ಆ ಗೋಳಿಲ್ಲ. ಚನ್ನಪಟ್ಟಣದ ಕಡೆ ಪರಿಚಯವಿದ್ದವರಂತೂ ಪುಣ್ಯವಂತರು. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಗೆ ಕರಗಿಸಿ, ತಾಳೆಗರಿಯಿಂದ ಹೊಳಪು ಕೊಡುವ ಆ ಕೈಗಳಿಗೆ ನಾಬು ಯಾವ ಲೆಕ್ಕ! ಕಡ್ಡಿಯ ಅಳತೆಯನ್ನು ಮಾತ್ರ ಬಾಯಲ್ಲಿ ಹೇಳಬೇಡಿ, ಹಳೆಯ ಪಾಟನ್ನೇ ಕೊಟ್ಟುಬಿಡಿ.

ಪಿಕಪ್ ಮುಚ್ಚಳ ಇದರ ಅಣ್ಣ. ಫೆಂಡರಿನದೇ ಇನ್ನೊಂದು ಮಾದರಿಯಾದ ಜಾಝ್ ಬೇಸಿನ ಎರಡು ಪಿಕಪ್ಪುಗಳು ನೋಡಲು ಅವಳಿ ಜವಳಿ, ಆದರೆ ಸೇತುವೆ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಕಡೆಯದು ಕುತ್ತಿಗೆ ಕಡೆಯದಕ್ಕಿಂತ ಸುಮಾರು 3 ಮಿಲಿಮೀಟರ್ ಉದ್ದ. ತಂತಿಗಳು ಸೇತುವೆಯತ್ತ ಅಗಲವಾಗುತ್ತಾ ಹೋಗುವುದೇ ಕಾರಣ. ಒಂದನ್ನೇ ಅಳೆದು ಎರಡು ಮಾಡಿದವರ ಬಳಿ ಒಂದು ಮುಚ್ಚಳ, ಒಂದು ಪೇಪರ್‌ವೇಟ್ ಇರುತ್ತವೆ. ನೆತ್ತಿ ದಪ್ಪ ಬಿಡುವಂತಿಲ್ಲ: ಮುಚ್ಚಳದೊಳಗೆ ಅಡಗಿದ ಅಯಸ್ಕಾಂತ ತಂತಿಯಿಂದ 3 ಮಿಲಿಮೀಟರ್ ದೂರ ಸರಿದರೆ ದನಿಯೂ ಅಷ್ಟು ಸೊರಗುತ್ತದೆ. 2 ಮಿಲಿಮೀಟರಿಗೆ ಇಳಿಸಿ, ಎಂಟು ಅಯಸ್ಕಾಂತಗಳಿಗೂ 5 ಮಿಲಿಮೀಟರಿನ ತೂತು ಕೊರೆದು ತಲೆ ಹೊರಗೆ ಬಿಡಬೇಕು. ಕೊರೆಯುವಾಗ ಮುಚ್ಚಳದ ಕೆಳಗೆ ಒಂದು ರದ್ದಿ ಮರದ ತುಂಡು ಒತ್ತಿಕೊಂಡಿರಬೇಕು, ಇಲ್ಲದಿದ್ದರೆ ಎಂಟನೇ ತೂತಿನ ಹೊತ್ತಿಗೆ ಒಳಮೈಯೆಲ್ಲ ಚಕ್ಕೆ ಎದ್ದಿರುತ್ತದೆ.

ಮುರಿಯುವ ಜಾಗ ಇದಲ್ಲ, ಸ್ಕ್ರೂ ಕೂರುವ ನಾಲ್ಕು ಕಿವಿಗಳು. ಮರದ ಎಳೆ ಮುಚ್ಚಳದ ಉದ್ದಕ್ಕೆ ಓಡುತ್ತದೆ, ಕಿವಿಗಳು ಅಡ್ಡಕ್ಕೆ ಚಾಚಿವೆ. ಹಾಗಾಗಿ ಪ್ರತಿ ಕಿವಿಯನ್ನೂ ಹಿಡಿದಿರುವುದು ಗಿಡ್ಡ ಎಳೆಯ ಹಿಡಿಯಷ್ಟು ಮರ. ಪಿಕಪ್ಪಿನ ಅಡಿಗಿಟ್ಟ ಸ್ಪಂಜು ಸದಾ ಮೇಲಕ್ಕೆ ನೂಕುತ್ತದೆ, ಮೇಲಿಂದ ಸ್ಕ್ರೂ ಕೆಳಕ್ಕೆ. ಕಿವಿಯ ಅಡಿಗೆ ಒಂದು ಮಿಲಿಮೀಟರಿನ ಮರದ ಹಾಳೆಯನ್ನು ಎಳೆ ಅಡ್ಡ ಬರುವಂತೆ ಅಂಟಿಸಿದರೆ ಬಚಾವು. ಪಿಕಪ್ಪಿನ ಸುರುಳಿ ತಂತಿ ಸುಮಾರು 0.06 ಮಿಲಿಮೀಟರ್ ಅಷ್ಟೇ. ಮುಚ್ಚಳ ಬಿಗಿ ಅಂತ ಉಳಿ ತೂರಿಸಿದರೆ ಮುಚ್ಚಳ ಸಡಿಲವಾಗುತ್ತದೆ, ಪಿಕಪ್ ತೀರಿಕೊಳ್ಳುತ್ತದೆ.

ಹೊಳಪಿನ ವಿಚಾರ ಎರಡೇ ಮಾತು. ಉಕ್ಕಿನ ನಾರಿನಿಂದ ಉಜ್ಜಬೇಡಿ, ಅದರ ಚೂರುಗಳೆಲ್ಲ ಹೋಗಿ ಅಯಸ್ಕಾಂತಕ್ಕೆ ಗಡ್ಡ ಬೆಳೆಸುತ್ತವೆ. ಕಾಯಿಸಿದ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ.

ಇನ್ನು ಅಸಲಿ ರಣರಂಗ, ಜಾಝ್ ಬೇಸಿನ ಕಂಟ್ರೋಲ್ ಪ್ಲೇಟು. ಮೂರು ಪಾಟು, ಕೇಬಲ್ ಚುಚ್ಚುವ ಒಂದು ಜಾಕು ಹೊತ್ತ ಕ್ರೋಮ್ ತಗಡು. ದಪ್ಪ ಒಂದೂವರೆ ಮಿಲಿಮೀಟರ್ ದಾಟುವುದಿಲ್ಲ. ಇದನ್ನು 4 ಮಿಲಿಮೀಟರಿನ ಬೀಟೆಯಲ್ಲಿ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಮನೆಮಂದಿಗೆಲ್ಲ ತೋರಿಸಿ ಮೆಚ್ಚುಗೆ ಗಿಟ್ಟಿಸಿಕೊಂಡ ಮೇಲೆ ಗೊತ್ತಾಗುತ್ತದೆ, ಪಾಟಿನ ಮರೆಯ (ನಟ್ಟು ತಿರುಗಿ ಕೂರುವ ತಿರುಪಿನ ಭಾಗದ) ಉದ್ದ ಕಾಲು ಇಂಚು ಮಾತ್ರ ಅಂತ. ಮರ 4, ವಾಷರುಗಳು ಒಂದು ಚಿಲ್ಲರೆ, ನಟ್ಟು 2. ಕೂಡಿದರೆ 7 ದಾಟಿತು, ಇರುವುದು 6.35. ನಟ್ಟು ಮರೆಯ ತುದಿಗೆ ಮುತ್ತಿಟ್ಟು ಬಿದ್ದುಹೋಗುತ್ತದೆ. ಮರವನ್ನು ತೆಳ್ಳಗೆ ಮಾಡಿದರೆ ತೂತುಗಳ ಸಾಲಿನಲ್ಲಿ ಸೀಳು ಬಿಡುತ್ತದೆ. ಉದ್ದ ಮರೆಯ ಪಾಟು, ಅಂದರೆ 3/8 ಇಂಚಿನದು, ತರಿಸುವುದೇ ಮೇಲು. ಜೊತೆಗೆ ಪ್ಲೇಟನ್ನು ಒಂದೇ ಹಲಗೆಯಲ್ಲಿ ಮಾಡದೆ, ಎಳೆ ಅಡ್ಡಡ್ಡ ಬರುವಂತೆ ಎರಡು ಹಾಳೆ ಅಂಟಿಸಿ ಮಾಡಬೇಕು.

ಎಲ್ಲ ಬಿಗಿದು ಆಂಪ್ಲಿಫೈಯರ್ ಹಾಕಿದರೆ "ಗುಂಯ್". ಆ ತಗಡು ಬರಿ ಅಲಂಕಾರಕ್ಕೆ ಇರಲಿಲ್ಲ. ಕರೆಂಟಿನ ಗದ್ದಲಕ್ಕೆ ಗೋಡೆಯಾಗಿತ್ತು, ಎಷ್ಟೋ ಗಿಟಾರುಗಳಲ್ಲಿ ಪಾಟುಗಳನ್ನು ಗ್ರೌಂಡಿಗೆ ಜೋಡಿಸುವ ತಂತಿಯ ಕೆಲಸವನ್ನೂ ಅದೇ ಮಾಡುತ್ತಿತ್ತು. ಮರಕ್ಕೆ ಅದ್ಯಾವುದೂ ಬಾರದು. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಬೇಸಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ (ವೀಣೆಯ ಮೆಟ್ಟಿಲಿನಂಥದು) ಜಿ ಸ್ವರ 49. ಅಂದರೆ ಜಿ ಬಾರಿಸಿದಾಗಲೆಲ್ಲ ತುಸು ಏರಿದ ಶ್ರುತಿಯಲ್ಲಿ ಬೆಸ್ಕಾಂ ಸಾಥ್ ಕೊಡುತ್ತದೆ.

ಪ್ಲೇಟಿನ ಹಿಂಬದಿಗೂ ಅದರಡಿ ಬಾಡಿಯಲ್ಲಿ ಪಾಟುಗಳು ಕೂರುವ ಗುಳಿಯ ಗೋಡೆಗೂ ತಾಮ್ರದ ಟೇಪ್ ಅಂಟಿಸಿ, ಒಂದು ಗ್ರೌಂಡ್ ತಂತಿ ಬೆಸೆದು, ಎಲ್ಲಿಂದೆಲ್ಲಿಗೆ ಮುಟ್ಟಿಸಿದರೂ ಮಲ್ಟಿಮೀಟರ್ ಒಂದು ಓಮಿನೊಳಗೆ ತೋರಿಸುವಂತೆ ನೋಡಿಕೊಂಡರೆ ಗುಂಯ್ ಬಹುಮಟ್ಟಿಗೆ ಅಡಗುತ್ತದೆ. ಆಗ ಕೇಬಲ್ ಚುಚ್ಚಿದರೆ ಸಂಗೀತವೂ ಅಡಗಿರುವ ಸಾಧ್ಯತೆ ಇದೆ. ಜಾಕಿನೊಳಗಿನ ನಾಲಿಗೆ ಪಿನ್ನು ಹೊಕ್ಕಾಗ ಹೊರಕ್ಕೆ ಬಾಗಿ, ಹೊಸದಾಗಿ ಅಂಟಿಸಿದ ತಾಮ್ರವನ್ನು ನೆಕ್ಕುತ್ತದೆ. ಸಿಗ್ನಲ್ಲು ನೇರ ಗ್ರೌಂಡಿಗೆ. ಕೇಬಲ್ ತೆಗೆದು ಮೀಟರ್ ಹಿಡಿದರೆ ಎಲ್ಲ ಸರಿ ಇದೆ ಅನ್ನುತ್ತದೆ, ಚುಚ್ಚಿದರೆ ಮತ್ತೆ ಮೌನ. ಆದ್ದರಿಂದ ಜಾಕಿನ ಎದುರು ಗೋಡೆಗೆ ಎರಡಿಂಚು ಇನ್ಸುಲೇಷನ್ ಟೇಪ್ ಹಚ್ಚಿ, ಕೇಬಲ್ ಚುಚ್ಚಿಟ್ಟುಕೊಂಡೇ ಪರೀಕ್ಷೆ ಮಾಡಿ.