ಹೊಸಬರನ್ನು ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲಕ್ಕೆ ಕರೆತರಬೇಕೇ? ಮುಂಬಯಿಯ ಇಬ್ಬರು ಕನ್ನಡಿಗರ ಪರ-ವಿರೋಧ

ಪರ: ಕೈ ಹಿಡಿದು ಕರೆದುಕೊಂಡು ಬರೋಣ

ಡೊಂಬಿವಲಿಯ ನಮ್ಮ ಸಣ್ಣ ಸಂಘಕ್ಕೆ ಒಂದು ದೊಡ್ಡ ಜಾಲತಾಣದಲ್ಲಿ ಪುಟ ಇತ್ತು. ಎಂಟು ವರ್ಷದ ಯಕ್ಷಗಾನದ ಫೋಟೊ, ತಾಳಮದ್ದಳೆಯ ವಿಡಿಯೊ, ತೀರಿಕೊಂಡ ಹಿರಿಯರ ಭಾಷಣ ಎಲ್ಲ ಅಲ್ಲೇ. ಒಂದು ಬೆಳಿಗ್ಗೆ ನೋಡಿದರೆ ಪುಟಕ್ಕೆ ಬೀಗ. ನಿಯಮ ಮೀರಿದ್ದೀರಿ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇಲ್ಲ. ಯಾವ ನಿಯಮ? ಯಾವ ಫೋಟೊ? ಯಾರನ್ನು ಕೇಳಬೇಕು? ಮೂರು ತಿಂಗಳು ಫಾರಂ ತುಂಬಿದೆವು. ಉತ್ತರ ಬರಲಿಲ್ಲ. ಅರ್ಧಕ್ಕರ್ಧ ಫೋಟೊಗಳಿಗೆ ನಮ್ಮ ಬಳಿ ಬೇರೆ ಪ್ರತಿಯೇ ಇರಲಿಲ್ಲ.

ಆಗಿನಿಂದ ನಾನು ಸಿಕ್ಕವರಿಗೆಲ್ಲ ಮಾಸ್ಟೊಡಾನ್ ಬಗ್ಗೆ ಹೇಳುತ್ತಿದ್ದೇನೆ. ಜರ್ಮನಿಯ ಯುಜೆನ್ ರೋಚ್ಕೊ ಇದನ್ನು 2016ರಲ್ಲಿ ಶುರು ಮಾಡಿದರು. ಈ ಜಾಲಕ್ಕೆ ಒಬ್ಬನೇ ಯಜಮಾನ ಅಂತ ಇಲ್ಲ. ಸಾವಿರಾರು ಸರ್ವರ್‌ಗಳಿವೆ, ಅಂದರೆ ನಮ್ಮ ಖಾತೆ, ಪೋಸ್ಟ್‌ಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು. ಒಂದೊಂದನ್ನು ಒಬ್ಬೊಬ್ಬರು ನಡೆಸುತ್ತಾರೆ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುತ್ತದೆ ಅಲ್ವಾ, ಹಾಗೆಯೇ ಈ ಸರ್ವರ್‌ನವರು ಆ ಸರ್ವರ್‌ನವರ ಜೊತೆ ಮಾತಾಡಬಹುದು. ಅದಕ್ಕೆ ಬೇಕಾದ ಸಾಮಾನ್ಯ ಭಾಷೆಯ ಹೆಸರು ಆಕ್ಟಿವಿಟಿಪಬ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಫೋಟೊಗಳ ಪಿಕ್ಸೆಲ್‌ಫೆಡ್, ವಿಡಿಯೊಗಳ ಪೀರ್‌ಟ್ಯೂಬ್ ಕೂಡ ಅದೇ ಭಾಷೆ ಆಡುತ್ತವೆ. ಒಂದು ಸರ್ವರ್ ಸರಿಬರದಿದ್ದರೆ ಫಾಲೋವರ್‌ಗಳ ಸಮೇತ ಇನ್ನೊಂದಕ್ಕೆ ಹೋಗಬಹುದು.

ಕೂ ನೆನಪಿದೆಯಾ? ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದ ಆ್ಯಪ್. ನಮ್ಮ ಭಾಷೆಗೆ ಇಷ್ಟು ಮರ್ಯಾದೆ ಕೊಟ್ಟ ಜಾಲ ಬೇರೆ ಇರಲಿಲ್ಲ. ನಾನು ಅಲ್ಲಿ ದಿನಾ ಬರೆಯುತ್ತಿದ್ದೆ. 2024ರ ಜುಲೈನಲ್ಲಿ ಅದು ಮುಚ್ಚಿತು. ಕಂಪನಿಯ ಕೈಯಲ್ಲಿ ದುಡ್ಡು ಮುಗಿಯಿತು, ನಮ್ಮ ಅಂಗಳವೂ ಮುಗಿಯಿತು. ಆರ್ಕುಟ್ 2014ರಲ್ಲಿ ಹೋದಾಗಲೂ ಹೀಗೇ ಆಗಿತ್ತು. ಇನ್ನೆಷ್ಟು ಸಲ?

ಹೊಸಬರು ಬರುವುದಿಲ್ಲ ಅನ್ನುವುದು ಸುಳ್ಳು. ಅವರು ಬಂದಿದ್ದಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಭಾರತದಿಂದ ತುಂಬಾ ಜನ ಮಾಸ್ಟೊಡಾನ್‌ಗೆ ಬಂದರು. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಪ್ರಪಂಚದ ಎಲ್ಲ ಕಡೆಯಿಂದ ಬಂದರು. ಬಂದವರಲ್ಲಿ ಜಾಸ್ತಿ ಜನ ನಿಲ್ಲಲಿಲ್ಲ. ಬಾಗಿಲಲ್ಲಿ ಅವರನ್ನು ಮಾತಾಡಿಸುವವರು ಇರಲಿಲ್ಲ ಎಂಬುದೇ ಕಾರಣ ಎಂದು ನನಗೆ ಅನಿಸುತ್ತದೆ.

ನಮ್ಮ ಅಪ್ಪಂದಿರು ಮುಂಬಯಿಗೆ ಬಂದದ್ದು ಹೇಗೆ? ಊರಿನಿಂದ ಹುಡುಗ ಬಂದರೆ ಮಾವನೋ ದೊಡ್ಡಪ್ಪನೋ ಸ್ಟೇಷನ್ನಿಗೆ ಹೋಗುತ್ತಿದ್ದರು. ಖೋಲಿಯಲ್ಲಿ ಜಾಗ, ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ಸಂಜೆಗೆ ಫೋರ್ಟಿನ ಕನ್ನಡ ರಾತ್ರಿ ಶಾಲೆ. ಅಂಧೇರಿಯಲ್ಲಿ ಇಳಿಯಬೇಕಾದವನು ಸಂಜೆ ತುಂಬಿ ತುಳುಕುವ ವಿರಾರ್ ಫಾಸ್ಟ್ ರೈಲು ಹತ್ತಬಾರದು, ಇಳಿಯಲು ಆಗುವುದಿಲ್ಲ ಎಂದು ಯಾರೋ ಹೇಳಿಕೊಟ್ಟರು. ಲೋಕಲ್ ರೈಲಿನ ನಕ್ಷೆ ಕೈಗೆ ಕೊಟ್ಟು ಸುಮ್ನೆ ಬಿಟ್ಟಿದ್ದರೆ ಎಷ್ಟು ಜನ ಮರುದಿನವೇ ಊರಿನ ಬಸ್ಸು ಹತ್ತುತ್ತಿದ್ದರೋ! ಮಾಸ್ಟೊಡಾನ್‌ನಲ್ಲಿ ನಾವು ಕೊಟ್ಟಿದ್ದು ಆ ನಕ್ಷೆ ಮಾತ್ರ.

ಹಾಗಾಗಿ ನಾನು ಈಗ ಪಕ್ಕದಲ್ಲಿ ಕೂತು ಖಾತೆ ತೆರೆಸುತ್ತೇನೆ. ಯಾವ ಸರ್ವರ್ ಎಂದು ಅವರನ್ನು ಕೇಳುವುದಿಲ್ಲ, ನಾನೇ ಆರಿಸುತ್ತೇನೆ. ಹೊಸಬರು ಜಾಸ್ತಿ ಎಡವುವುದು ಆ ಒಂದು ಪ್ರಶ್ನೆಯಲ್ಲೇ. ಮಾಸ್ಟೊಡಾನ್‌ನವರೇ 2023ರಲ್ಲಿ ಇದನ್ನು ಒಪ್ಪಿ, ತಮ್ಮ ಆ್ಯಪ್‌ನಲ್ಲಿ ಒಂದು ಸರ್ವರನ್ನು ಮೊದಲೇ ಆರಿಸಿ ಇಟ್ಟರು. ನಾನು ಆರಿಸುವುದು ಅವರ ಒಡಂಬಡಿಕೆಗೆ ಒಪ್ಪಿದ ಸರ್ವರ್‌ಗಳಿಂದ. ದಿನಾ ಬ್ಯಾಕಪ್ ತೆಗೆಯಬೇಕು, ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ಹೇಳಬೇಕು ಎಂದು ಅದರಲ್ಲಿದೆ. ಆಮೇಲೆ ಪೋಸ್ಟ್‌ಗಳ ಭಾಷೆಯ ಪಟ್ಟಿಯಲ್ಲಿ ಕನ್ನಡ ಆರಿಸುತ್ತೇನೆ. ಇಪ್ಪತ್ತು ಇಪ್ಪತ್ತೈದು ಜನರನ್ನು ಅಲ್ಲೇ ಫಾಲೋ ಮಾಡಿಸುತ್ತೇನೆ. ಇಲ್ಲಿ ತಾನಾಗಿ ತಂದು ತೋರಿಸುವ ಅಲ್ಗಾರಿದಮ್ ಇಲ್ಲ. ಯಾರನ್ನೂ ಫಾಲೋ ಮಾಡದಿದ್ದರೆ ಪರದೆ ಖಾಲಿ. ಅವರ ಮೊದಲ ಪೋಸ್ಟ್‌ಗೆ ಅದೇ ಸಂಜೆ ಕನ್ನಡದಲ್ಲಿ ಉತ್ತರ ಬರೆಯುವುದನ್ನೂ ನಾನು ತಪ್ಪಿಸುವುದಿಲ್ಲ.

ಮುಂದೆ ಮುಂಬಯಿ, ಪುಣೆ, ಗೋವಾದ ಕನ್ನಡಿಗರಿಗೆ ನಮ್ಮದೇ ಒಂದು ಸರ್ವರ್ ಇರಬೇಕು ಎಂಬುದು ನನ್ನ ಆಸೆ. ಅದಕ್ಕೆ ಮೊದಲು ಜನ ಬೇಕು. ಒಬ್ಬೊಬ್ಬರು ಒಂದು ವರ್ಷದಲ್ಲಿ ಐದು ಜನರನ್ನು ಕರೆತಂದರೆ ಸಾಕು.

ವಿರೋಧ: ಕೀಲಿ ಯಾರ ಕೈಯಲ್ಲಿ ಎಂದು ಮೊದಲು ಹೇಳಿ

ಮೇಲಿನದನ್ನು ಬರೆದ ತಮ್ಮನನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಅವನ ಮನಸ್ಸು ಒಳ್ಳೆಯದು. ಸಂಘದ ಪುಟ ಹೋದಾಗ ನಾನೂ ಅತ್ತಿದ್ದೇನೆ. ನಮ್ಮ ಯಜಮಾನರು ಅರ್ಥ ಹೇಳಿದ ಕೊನೆಯ ತಾಳಮದ್ದಳೆ ಅದರಲ್ಲಿತ್ತು. ಆದರೂ ಹೊಸಬರನ್ನು ಹೀಗೆ ಒತ್ತಾಯದಿಂದ ಕರೆತರುವುದು ನನಗೆ ಒಪ್ಪಿಗೆಯಿಲ್ಲ.

ಕಳೆದ ವರ್ಷ ಮಳೆಗಾಲದಲ್ಲಿ ಅವನು ನಮ್ಮ ಮಹಿಳಾ ವಿಭಾಗದ ಏಳು ಜನರ ಫೋನಿಗೆ ಆ್ಯಪ್ ಹಾಕಿಕೊಟ್ಟ. ಅವನು ಹೇಳಿದ ಹಾಗೆ ಪಕ್ಕದಲ್ಲಿ ಕೂತೇ ಹಾಕಿದ. ಮರುದಿನದಿಂದ ಪಕ್ಕದಲ್ಲಿ ಅವನಿರಲಿಲ್ಲ. ಮೆನುವಿನ ಇಂಗ್ಲಿಷ್ ಓದಿ ನಾನೇ ಎಲ್ಲರಿಗೂ ಅರ್ಥ ಹೇಳಬೇಕಾಯಿತು. ಯಾರೋ ಕಳಿಸಿದ ಲಿಂಕ್ ಒತ್ತಿದರೆ ಬ್ರೌಸರ್‌ನಲ್ಲಿ ಬೇರೆ ಸರ್ವರ್ ತೆರೆಯುತ್ತದೆ, ಮತ್ತೆ ಲಾಗಿನ್ ಕೇಳುತ್ತದೆ. ಪಾಸ್‌ವರ್ಡ್ ತಪ್ಪು ಅಂತ ಬಂತು ಎಂದು ಒಬ್ಬರು ಹೆದರಿ ನನಗೆ ಫೋನ್ ಮಾಡಿದರು. ಅವರ ಖಾತೆ ಇದ್ದದ್ದು ಆ ಸರ್ವರ್‌ನಲ್ಲಿ ಅಲ್ಲವೇ ಅಲ್ಲ.

ಇದೆಲ್ಲ ಕಲಿತರೆ ಬರುತ್ತದೆ. ಕಲಿಯುವುದಕ್ಕೆ ನಮಗೆ ಭಯವಿಲ್ಲ. ಆದರೆ ನಾಗರಪಂಚಮಿಗೆ ನಮ್ಮ ಒಬ್ಬರು ಅರಿಶಿನ ಎಲೆಯ ಗಟ್ಟಿ ಮಾಡಿ ಫೋಟೊ ಹಾಕಿದರು. ಬಂದ ಉತ್ತರ ಎರಡು, ಎರಡೂ ಈ ತಮ್ಮನದೇ. ಅದೇ ಫೋಟೊ ವಾಟ್ಸ್ಆ್ಯಪ್‌ಗೆ ಹಾಕಿದಾಗ ದುಬೈಯಲ್ಲಿರುವ ಮಗ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದ. ನಮಗೆ ಬೇಕಾದವರು ಎಲ್ಲಿದ್ದಾರೋ ನಾವು ಅಲ್ಲಿರುತ್ತೇವೆ. ಏಳು ಜನರಲ್ಲಿ ಈಗ ಆ್ಯಪ್ ತೆರೆದು ನೋಡುವವರು ಇಬ್ಬರು. ಊರಿನ ಹುಡುಗ ಮುಂಬಯಿಗೆ ಬಂದಾಗ ಇಲ್ಲಿ ಕೆಲಸ ಇತ್ತು, ಸಂಬಳ ಇತ್ತು. ಅದಕ್ಕೇ ಅವನು ನಿಂತ. ಬರೀ ಮಾವ ಸ್ಟೇಷನ್ನಿಗೆ ಬಂದ ಎಂದು ಯಾರೂ ಮೂವತ್ತು ವರ್ಷ ನಿಲ್ಲುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಆ 'ನಮ್ಮದೇ ಸರ್ವರ್' ಎಂಬ ಮಾತಿನ ಬಗ್ಗೆ. ಮಾಸ್ಟೊಡಾನ್‌ನಲ್ಲಿ ಇಬ್ಬರೇ ಮಾತಾಡಿಕೊಳ್ಳುವ ಖಾಸಗಿ ಮೆಸೇಜಿಗೆ ವಾಟ್ಸ್ಆ್ಯಪ್‌ನಲ್ಲಿ ಇರುವಂಥ ಬೀಗ ಇಲ್ಲ. ಸರ್ವರ್ ನಡೆಸುವವನು ಮನಸ್ಸು ಮಾಡಿದರೆ ಓದಬಹುದು. ಇದನ್ನು ನಮ್ಮ ಏಳು ಜನರಿಗೆ ಯಾರೂ ಹೇಳಿರಲಿಲ್ಲ. ಹೆಂಗಸರು ಒಬ್ಬರಿಗೊಬ್ಬರು ಏನು ಬರೆದುಕೊಳ್ಳುತ್ತಾರೆ? ಮಗಳಿಗೆ ಬಂದ ಸಂಬಂಧ, ಸೊಸೆಯ ಜೊತೆಗಿನ ಮನಸ್ತಾಪ, ಅಡವಿಟ್ಟ ಬಳೆ, ಡಾಕ್ಟರು ಹೇಳಿದ ಮಾತು. ದೂರದ ಕಂಪನಿಗೆ ನನ್ನ ಸೊಸೆ ಯಾರೆಂದು ಗೊತ್ತಿಲ್ಲ. ಸರ್ವರ್ ನಡೆಸುವ ಸಂಘದ ಪದಾಧಿಕಾರಿಗೆ ಚೆನ್ನಾಗಿ ಗೊತ್ತು. ಅವನು ಓದುವುದಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಅವನ ನಂತರ ಆ ಕೆಲಸಕ್ಕೆ ಬರುವವನು ಯಾರೋ ನನಗೆ ಗೊತ್ತಿಲ್ಲ. ನಮ್ಮವರ ನಡುವೆ ಒಂದು ಮಾತು ಹೊರಬಿದ್ದರೆ ಮುಂದಿನ ಮದುವೆಯಲ್ಲಿ ಅದು ಎಲ್ಲರ ಬಾಯಲ್ಲಿರುತ್ತದೆ. ಪೋಸ್ಟ್ ಅಳಿಸಿದರೂ ಅಷ್ಟೇ. ಬೇರೆ ಸರ್ವರ್‌ಗಳಿಗೆ ಹೋದ ಪ್ರತಿಯನ್ನು ಅಳಿಸಿ ಎಂದು ಕೇಳಬಹುದು, ಅಳಿಸಲೇಬೇಕು ಎಂದು ಮಾಡಲಾಗುವುದಿಲ್ಲ.

ಇನ್ನು ತಮ್ಮನ ಬಗ್ಗೆಯೇ ಹೇಳುತ್ತೇನೆ. ಅವನಿಗೆ ಅಂಧೇರಿಯಲ್ಲಿ ಕೆಲಸ, ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ಕೆಟ್ಟ ಫೋಟೊ ಹಾಕಿದರೆ ತೆಗೆಯುವವರು ಯಾರು? ನಮ್ಮ ದೇಶದ 2021ರ ಐಟಿ ನಿಯಮಗಳ ಪ್ರಕಾರ ಇಂಥ ಜಾಲ ನಡೆಸುವವರು ದೂರು ಕೇಳುವ ಅಧಿಕಾರಿಯ ಹೆಸರು ಪ್ರಕಟಿಸಬೇಕು, ದೂರಿಗೆ ಗಡುವಿನೊಳಗೆ ಉತ್ತರ ಕೊಡಬೇಕು. ಪೊಲೀಸರು ಬಂದರೆ ಅವನ ಮನೆ ಬಾಗಿಲಿಗೇ ಬರುತ್ತಾರೆ. ಮಾಸ್ಟೊಡಾನ್ ಡಾಟ್ ಲೋಲ್ ಎಂಬ ಸರ್ವರನ್ನು ಅದನ್ನು ನಡೆಸುತ್ತಿದ್ದವರು ಬೇಸತ್ತು 2023ರಲ್ಲಿ ಮುಚ್ಚಿದರು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಕೂಡ 2024ರ ಡಿಸೆಂಬರ್‌ನಲ್ಲಿ ತನ್ನ ಸರ್ವರನ್ನು ನಿಲ್ಲಿಸಿತು. ಅಷ್ಟು ದೊಡ್ಡ ಸಂಸ್ಥೆಗೇ ಆಗದ್ದು ಡೊಂಬಿವಲಿಯ ಒಬ್ಬ ಹುಡುಗನಿಗೆ ಎಷ್ಟು ವರ್ಷ ಆಗುತ್ತದೆ?

ಸರ್ವರ್ ಮುಚ್ಚಿದರೆ ಬೇರೆಡೆಗೆ ಹೋಗಬಹುದು ಎಂದು ಅವನು ಬರೆದಿದ್ದಾನೆ. ಹೌದು, ಫಾಲೋವರ್‌ಗಳು ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಅಂದರೆ ನಾವು ಕಳೆದುಕೊಂಡು ಅತ್ತದ್ದು ಯಾವುದಕ್ಕೋ, ಅದನ್ನು ಇದೂ ಉಳಿಸುವುದಿಲ್ಲ. ಯಕ್ಷಗಾನದ ಫೋಟೊ ಉಳಿಯಬೇಕಾದರೆ ಎರಡು ಹಾರ್ಡ್‌ಡಿಸ್ಕ್ ತಂದು ಒಂದನ್ನು ಸಂಘದ ಕಪಾಟಿನಲ್ಲಿ, ಇನ್ನೊಂದನ್ನು ಕಾರ್ಯದರ್ಶಿಯ ಮನೆಯಲ್ಲಿ ಇಡಬೇಕು. ಈ ಕೆಲಸ ಇನ್ನೂ ಆಗಿಲ್ಲ.

ಸಂಘದ ಕಾರ್ಯಕ್ರಮದ ಸುದ್ದಿಯನ್ನು ಅವನು ಅಲ್ಲೂ ಹಾಕಲಿ, ಇಲ್ಲೂ ಹಾಕಲಿ. ಆಸೆ ಇರುವವರು ತಾವಾಗಿ ಹೋಗಲಿ. ಸರ್ವರ್ ವಿಷಯ ಮಾತ್ರ ಮೊದಲು ವಾರ್ಷಿಕ ಮಹಾಸಭೆಗೆ ಬರಬೇಕು. ಯಾರ ಹೆಸರಿನಲ್ಲಿ ಇರುತ್ತದೆ, ತಿಂಗಳ ಖರ್ಚು ಯಾವ ಲೆಕ್ಕದಿಂದ, ಮೆಸೇಜು ನೋಡುವ ಅಧಿಕಾರ ಎಷ್ಟು ಜನರಿಗೆ, ಅವರಲ್ಲಿ ಹೆಂಗಸರು ಎಷ್ಟು, ಇದೆಲ್ಲ ಬರವಣಿಗೆಯಲ್ಲಿ ಆಗಲಿ. ಅಲ್ಲಿಯವರೆಗೆ ಎಂಟನೆಯವರ ಫೋನು ನಾನು ಅವನ ಕೈಗೆ ಕೊಡಿಸುವುದಿಲ್ಲ.