ಆ ಮಣ್ಣಿಗೆ ಹೇಳಿದವರು ಯಾರು?

ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆ. ವಿಜಯಪುರ ಜಿಲ್ಲೆ, ಡೋಣಿ ನದಿ ದಂಡೆಯ ಹೊಲ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಅಂತಾರಲ್ಲ, ಅದೇ ಡೋಣಿ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚರಗ ಚೆಲ್ಲಲು, ಅಂದ್ರೆ ಭೂತಾಯಿಗೆ ಪೂಜೆ ಮಾಡಿ ಎಡೆಯನ್ನು ಹೊಲದ ತುಂಬ ಎರಚಲು, ಹೋದೆವು. ಜೋಳದ ಎಲೆ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ, ಹನಿಗಳು ನಡುಗೆರೆ ಹಿಡಿದು ಒಂದರ ಹಿಂದೊಂದು ಜಾರಿ ಸುಳಿಯೊಳಗೆ ಇಳಿಯುತ್ತಿದ್ದವು. ಬುಡದಲ್ಲಿ ನೋಡಿದರೆ ನೆಲ ಬಿರುಕು ಬಿಟ್ಟಿದೆ, ಕೈ ತೂರುವಷ್ಟು. ಚಿತ್ತಿ ಮಳೆ ಹೋದ ಮೇಲೆ ಒಂದು ಹನಿ ಬಿದ್ದಿಲ್ಲ ಅಂದರು ಅಪ್ಪ.

ಊಟಕ್ಕೆ ಕೂತಾಗ ಸುಮ್ನೆ ಇರದೆ ಜಾಣತನ ತೋರಿಸಿದೆ. ಈ ಎರಿ ಮಣ್ಣಲ್ಲಿ, ಅಂದ್ರೆ ಕಪ್ಪು ಮಣ್ಣಲ್ಲಿ, ಜೇಡಿ ಜಾಸ್ತಿ, ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದುಕೊಳ್ಳುತ್ತೆ, ಆಮೇಲೆ ಬೇರು ಆಳಕ್ಕಿಳಿದು ಅದನ್ನೇ ಕುಡಿಯುತ್ತೆ, ಅಷ್ಟೇ ಆಯಿ ಅಂದೆ. ಆಯಿ ಹೆಬ್ಬೆಟ್ಟು ಒತ್ತುವವಳು. ರೊಟ್ಟಿ ಮುರಿಯುತ್ತಾ ಕೇಳಿದಳು: “ಖರೇ ಐತಿ. ಹಿಡ್ಕೊಂಡಿರು ಅಂತ ಆ ಮಣ್ಣಿಗೆ ಹೇಳ್ದಾವ್ರು ಯಾರು?”

ಇದು ದೇವರಿದ್ದಾನೆ ಅನ್ನೋದಕ್ಕೆ ಪುರಾವೆ ಆಗುತ್ತಾ? ಕೋರ್ಟಿನಲ್ಲಿ ನಿಲ್ಲಲ್ಲ ಬಿಡಿ. ಗೋಳಗುಮ್ಮಟ ತಾನೇ ಎದ್ದು ನಿಂತಿತಾ, ಮತ್ತೆ ಜಗತ್ತು ತಾನೇ ಆಯಿತಾ ಅಂತ ವಾದ ಹೂಡುವವರು ನಮ್ಮಲ್ಲಿ ಬಹಳ, ನನಗೆ ಅದು ರುಚಿಸಲ್ಲ. ಹೊಲದಲ್ಲಿ ನಿಂತರೆ ಇಷ್ಟೇ ಅನಿಸುತ್ತೆ: ಬಿತ್ತಿದ್ದು ನಾವು, ಸರಿ, ಉಳಿದದ್ದೆಲ್ಲ ಯಾರೋ ಕೊಟ್ಟಿದ್ದು. ಹೀಗನಿಸಲು ಯಾವ ಜಾತಿ ಆದರೂ ನಡೆಯುತ್ತೆ, ಸಾಲಿ ಕಲಿಯದಿದ್ದರೂ ನಡೆಯುತ್ತೆ. ಬದುವಿನಾಚೆ ಮುಸ್ಲಿಂ ಕಾಕಾ ಕೂಡ ಅವತ್ತು ಚರಗ ಚೆಲ್ಲುತ್ತಿದ್ದರು. ಸತ್ತ ನೆಲಕ್ಕೆ ಮಳೆ ಬಂದು ಜೀವ ಬರೋದು ಅಲ್ಲಾಹನ ಗುರುತು ಅಂತ ಕುರಾನಿನಲ್ಲಿದೆ ಅಂತ ಒಮ್ಮೆ ಅವರೇ ಹೇಳಿದ್ದರು. ಕೊಟ್ಟವನ ಹೆಸರನ್ನು ಮಾತ್ರ ಮಣ್ಣು ಹೇಳಲ್ಲ. ಆ ಜಗಳ ನಮ್ಮದು.

ಇನ್ನು ಅದೇ ನೀರು 2019ರ ಆಗಸ್ಟಿನಲ್ಲಿ ಏನು ಮಾಡಿತು? ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೇ ನುಗ್ಗಿತ್ತು. ಆ ಕಡೆ ಕೊಟ್ಟ ನಮ್ಮ ಅತ್ತೆಯ ಮನೆ ಗೋಡೆ ಕುಸಿಯಿತು. ಇದರಲ್ಲಿ ಯಾವ ದೇವರನ್ನು ನೋಡಲಿ? ನನಗಂತೂ ಹೊಳೆದಿಲ್ಲ. ಸೂರ್ಯಾಸ್ತದ ಫೋಟೋ ಹಾಕಿ ‘ಪ್ರಕೃತಿಯೇ ದೇವರು’ ಅಂತ ಬರೆಯುವವರು ಇದಕ್ಕೂ ಒಂದು ಸಾಲು ಬರೆಯಲಿ.

ಆಫೀಸಿನ ಕ್ರೈಸ್ತ ಗೆಳೆಯನಿಂದ ಕೇಳಿದ ಬೈಬಲ್ ಕಥೆಯೊಂದನ್ನು ಅವತ್ತು ಆಯಿಗೆ ಹೇಳಿದೆ. ಈಗಿನ ಟರ್ಕಿಯಲ್ಲಿ ಲುಸ್ತ್ರ ಅಂತ ಊರು. ಯೇಸುವಿನ ಸುದ್ದಿ ಸಾರುತ್ತಾ ಪೌಲ, ಬಾರ್ನಬ ಅನ್ನುವ ಇಬ್ಬರು ಅಲ್ಲಿಗೆ ಬರುತ್ತಾರೆ. ಪೌಲನ ಮಾತಿಗೆ ಹುಟ್ಟು ಕುಂಟನೊಬ್ಬ ಎದ್ದು ನಡೆದದ್ದು ಕಂಡು ಜನ ಇವರನ್ನೇ ದೇವರು ಅಂದುಕೊಂಡು, ಎತ್ತು, ಹಾರ ತಂದು ಬಲಿ ಕೊಡಲು ನಿಲ್ಲುತ್ತಾರೆ. ಪೌಲ ಅವರ ಮುಂದೆ ಶಾಸ್ತ್ರ ಬಿಚ್ಚೋದೇ ಇಲ್ಲ. ನಿಮಗೆ ಮಳೆ, ಬೆಳೆ, ಹೊಟ್ಟೆ ತುಂಬ ಊಟ ಕೊಟ್ಟು ದೇವರು ತನ್ನ ಗುರುತು ಬಿಟ್ಟಿದ್ದಾನೆ, ಅಂತಾನೆ. ರೈತರಿಗೆ ಹೇಳೋ ಮಾತು ಅಂದ್ರೆ ಇದು ಅಲ್ವಾ?

ಆಯಿ ಪೂರ್ತಿ ಕೇಳಿದಳು. ಆಮೇಲೆ, “ಎತ್ತು ಉಳದ್ವೇನೋ?” ಅಂದಳು.

“ಉಳದ್ವು ಆಯಿ.”

“ಹಂಗಾರ ಛಲೋ ಆತು,” ಅಂದು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.